ಬುಡದ ವಯಸ್ಸು

ವಾಲ್ಮಿಯೆರಾಕ್ಕೆ ಹೋಗುವ ರಸ್ತೆ ಅಗಲವಾಗಬೇಕಿತ್ತು.
ಲಿಂಡೆನ್ ಮರದ ತೊಗಟೆಯ ಮೇಲೆ
ಕಿತ್ತಳೆ ಬಣ್ಣದ ಗೀಟು ಎಳೆದುಹೋದವನು ಗುಂಟಿಸ್.
ಒಳ್ಳೆಯವನೇ; ಟೋಪಿ ತೆಗೆದೇ ಎಳೆದ.
ಜುಲೈ ಕೊನೆ ತನಕ ಕಾಯುತ್ತೇನೆ ಅಂದ,
ಜೇನುಹುಳುಗಳ ಕೆಲಸ ಮುಗಿಯಲಿ ಅಂದ.

ಮಿರ್ದ್ಜಾಳ ನರ್ಸರಿಯಲ್ಲಿ ನನಗದು ಮೊದಲ ವರ್ಷ.
ಮರಕ್ಕೆ ಇನ್ನೂರು, ನನಗೆ ಇಪ್ಪತ್ತೊಂದು.
ಏರಿದೆ ಏಣಿ, ತುದಿಗೆ,
ಗೌಯಾ ಹೊಳೆ ಕಾಣುವಷ್ಟು ತುದಿಗೆ,
ಮೊಗ್ಗು ಹೊತ್ತು ಬಾಗಿದ ರೆಂಬೆಗಳಿಗೆ.
ತರುವುದಾದರೆ ಒಳ್ಳೆಯದನ್ನೇ ತರಬೇಕಲ್ಲ.
ನಲವತ್ತು ಕಡ್ಡಿ. ಗೆಣ್ಣಿನ ಕೆಳಗೆ ಓರೆ ಕೊಯ್ತ,
ಎಲೆ ಅರ್ಧಕ್ಕೆ ಕತ್ತರಿ, ಕೆಳತುದಿಗೆ ಬಿಳಿ ಪುಡಿ,
ಮರಳಿನ ಹಾಸಿಗೆ, ಮೇಲೆ ಮಂಜಿನಂಥ ನೀರು.
ಅವಳು ಒಂದು ಮಾತೂ ಆಡಲಿಲ್ಲ.
ಏಣಿ ಹಿಡಿದುಕೊಂಡಿದ್ದಳು, ಅಷ್ಟೆ.

ಹನ್ನೆರಡನೇ ದಿನ ಚಿಗುರು!
ಓಡಿಬಂದು ಹೇಳಿದೆ. ಬಟಾಣಿ ಸುಲಿಯುತ್ತಿದ್ದವಳು ತಲೆಯೆತ್ತದೆ
'ಕಟ್ಟಿಕೊಂಡು ಬಂದ ಬುತ್ತಿ ತಿಂತಾ ಇದೆ' ಅಂದಳು,
'ಎಲೆ ಬಂತು ಅಂದರೆ ಬೇರು ಬಂತು ಅಂತಲ್ಲ.'
ನಾನು ದಿನಕ್ಕೊಂದನ್ನು ಕಿತ್ತು ನೋಡಿದೆ.
ಒಮ್ಮೆ ಕೈಮೇಲೆ ಪಟ್ಟನೆ ಹೊಡೆದಳು:
'ನಿದ್ದೆ ಬಂತಾ ಅಂತ ಕೇಳೋಕೆ
ಮಲಗಿದ ಮಗೂನ ಎಬ್ಬಿಸ್ತಾರಾ?'

ಆಗಸ್ಟಿನಲ್ಲಿ ನಲವತ್ತೂ ಕಪ್ಪಾದವು.
ಕೊಯ್ದಲ್ಲಿ ಗಾಯ ಮಾಯ್ದ ಗಂಟು ಮಾತ್ರ ಇತ್ತು.
ಅಷ್ಟು ಹೊತ್ತಿಗೆ ಮರವೂ ಇರಲಿಲ್ಲ.
ಗುಂಟಿಸನ ಗರಗಸ ಒಂದು ಗುರುವಾರ
ಊಟಕ್ಕೆ ಮುಂಚೆಯೇ ಮುಗಿಸಿತ್ತು.
ಎಲ್ಲಿ ಕೂರಬೇಕೆಂದು ತಿಳಿಯದ ಬಿಸಿಲು
ರಸ್ತೆ ತುಂಬ ಚೆಲ್ಲಿಕೊಂಡಿತ್ತು.
ಬೊಡ್ಡೆ ಚರಂಡಿಯ ಕಡೆಗಿದೆ, ಒಂದು ವರ್ಷ ಬಿಡು ಎಂದು
ಮಿರ್ದ್ಜಾ ಅವನಿಗೊಂದು ಜಾಡಿ ಜೇನು ಕೊಟ್ಟಳು.
ಅದೇ ಮರದ ಜೇನು.

ಆಮೇಲೆ ನನ್ನನ್ನು ಬೊಡ್ಡೆಯ ಹತ್ತಿರ ಕೂರಿಸಿದಳು.
'ಮರಕ್ಕೆ ಒಂದೇ ವಯಸ್ಸಲ್ಲ ಕಣೋ.
ನೀನು ಹತ್ತಿದ್ದೆಯಲ್ಲ, ಅಲ್ಲಿ ಅದು ಮುದುಕಿ.
ಹೂವು ಗೊತ್ತು, ಬೀಜ ಗೊತ್ತು,
ಬೇರು ಬಿಡೋದು ಮರೆತು ಕಾಲವಾಯ್ತು.
ಇಲ್ಲಿ ನೋಡು, ಇಲ್ಲಿ,
ಇನ್ನೂ ಸಸಿ. ಮೊದಲ ವರ್ಷದ್ದೇ ಬುದ್ಧಿ.'
ಅಲ್ಲಿಯ ತನಕ ನಾನು ತಿಳಿದದ್ದು
ಬುಡ ಹಳೆಯದು, ತುದಿ ಹೊಸದು ಎಂದು.
'ಮೊದಲೇ ಯಾಕೆ ಹೇಳಲಿಲ್ಲ?'
'ಏಣಿ ಹತ್ತೋ ಮುಖದಲ್ಲಿ ಕಿವಿ ಇರಲಿಲ್ಲ.'

ಮೇ ತಿಂಗಳಲ್ಲಿ ಬೊಡ್ಡೆಯ ಸುತ್ತ ಹಿಳ್ಳುಗಳೆದ್ದವು,
ಕೆಂಪು ಮೊಳಕೆ, ಅಂಗೈ ಮೀರಿದ ಎಲೆ,
ಬೆಳೆಯುವ ಹುಡುಗರ ಪಾದದ ಹಾಗೆ ಅಳತೆ ತಪ್ಪಿದ್ದು.
ಗೇಣುದ್ದ ಬಂದಾಗ, ಈ ಸಲ ಮಂಡಿಯೂರಿ,
ಹನ್ನೊಂದನ್ನು ಕೊಯ್ದು ಮರಳಿಗಿಟ್ಟೆ.
ಎರಡನ್ನು ಇಲಿ ಕಡಿಯಿತು.
ಒಂದು ಸುಮ್ಮನೆ ಸತ್ತಿತು.

ಗುಂಟಿಸ್ ಬಂದಿದ್ದ, ಖಾಲಿ ಜಾಡಿ ವಾಪಸು ಕೊಡಲು.
ಬಾಗಿಲಲ್ಲೇ ನಿಂತು, ಟೋಪಿ ತಿರುಗಿಸುತ್ತ,
ನನ್ನ ಮನೆ ಮುಂದೆ ನೆರಳಿಲ್ಲ ಅಂದ,
ಉಳಿದರೆ ಒಂದು ನನಗೆ, ಅಂದ.
'ಗೀಟು ಎಳೆಯೋದಿಲ್ಲ ತಾನೆ?' ಅಂದಳು.
ಅವನು ನಗಲಿಲ್ಲ, ಅವಳೂ ನಗಲಿಲ್ಲ.
ಕುಂಡವೊಂದಕ್ಕೆ ಅವನ ಹೆಸರು ಬರೆದೆ.

ಮೊನ್ನೆ ಕತ್ತಲಾಗುವ ಹೊತ್ತು,
ಮರೆತ ಕತ್ತರಿಗೆಂದು ಗಾಜಿನ ಮನೆಗೆ ಹೋದೆ.
ಮಿರ್ದ್ಜಾ ಮಂಡಿಯೂರಿದ್ದಳು, ಎಂಬತ್ತರ ಮಂಡಿ.
ಮೂಲೆಯ ಕುಂಡದ ಮರಳನ್ನು ಕಿರುಬೆರಳಲ್ಲಿ ಸರಿಸಿ
ಒಂದು ಕಡ್ಡಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದಳು.
ಅದರ ತುದಿಯಲ್ಲಿ ಬಿಳಿ,
ಹಾಲುಹಲ್ಲಿನಷ್ಟು.

ನನ್ನನ್ನು ಕಂಡಳು.
ಬೆಲ್ಲ ಕದ್ದು ಸಿಕ್ಕವಳ ಹಾಗೆ
ಅದನ್ನು ಮತ್ತೆ ಮರಳಿಗಿಟ್ಟು, ಸುತ್ತ ಒತ್ತಿ,
'ಏಣಿ ಒಳಗಿಟ್ಟೆಯಾ?' ಎಂದು ಗದರಿದಳು.