ಎಡಗಡೆಯ ಬೋಲ್ಟು

ಗುರುವಾರ ರಾತ್ರಿಯೇ ಎಣ್ಣೆ ಹೊಡೆದಿಟ್ಟಿದ್ದೆ,
ಶುಕ್ರವಾರ ಇನ್ನೊಮ್ಮೆ.
ಶನಿವಾರ ಬೆಳಿಗ್ಗೆ ಮರ್ಡೀನಾ ಕೇಳಿದಳು:
'ಕುಡಿಯಿತೋ?'
'ಕುಡಿದಂತೆ ಕಾಣೆ' ಅಂದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಈ ಕಾರು ತಿಂದ ಉಪ್ಪಿಗೆ ಲೆಕ್ಕವಿಲ್ಲ:
ಗ್ಲೇಸ್ ಬೇ ಊರಿನ ಹದಿನೇಳು ಚಳಿಗಾಲ,
ಹಿಮದ ಮೇಲೆ ಲಾರಿ ಸುರಿದದ್ದು ಅರ್ಧ,
ಉಳಿದರ್ಧ ಅಟ್ಲಾಂಟಿಕ್ ಗಾಳಿ
ಮನೆಬಾಗಿಲಿಗೇ ತಂದುಕೊಟ್ಟದ್ದು.
ನೀರಲ್ಲ, ಎಣ್ಣೆಯನ್ನೇ ಹೊಯ್ದರೂ
ಗಂಟಲು ತೆರೆಯುತ್ತಿಲ್ಲ.

ಆಕೆ ಏಡಿ ಪೆಟ್ಟಿಗೆ ಮಗುಚಿ ಕೂತಿದ್ದಾಳೆ,
ಎಪ್ಪತ್ತಮೂರು ವಯಸ್ಸು, ಮೊಣಕಾಲಿಗೆ ಪಟ್ಟಿ,
ಚಹಾಕ್ಕೆ ಡಬ್ಬಿಯ ಹಾಲು.
ನಾನು ರಟ್ಟಿನ ಮೇಲೆ ಅಂಗಾತ,
ಕಣ್ಣಿಗೆ ಕನ್ನಡಕ, ಬಾಯಿಗೆ ತುಕ್ಕಿನ ಪುಡಿ.
'ಬಾಯಿ ಮುಚ್ಚಿಕೊಂಡು ಕೆಲಸ ಮಾಡು' ಅನ್ನುತ್ತಾಳೆ.
ಬೈದದ್ದಲ್ಲ,
ಉಪಾಯ ಹೇಳಿದ್ದು.

ಲಿಂಕಿನ ನಟ್ಟು ತಿರುಗಿತು. ತಿರುಗುತ್ತಲೇ ಇತ್ತು,
ಒಳಗಿನ ಕಡ್ಡಿಯೂ ಅದರ ಜೊತೆಗೇ,
ಸುತ್ತಿ ಸುತ್ತಿ ಎಲ್ಲಿಗೂ ತಲುಪದ ಮಾತಿನಂತೆ.
ಗ್ರೈಂಡರಿಗೆ ಕೊಟ್ಟೆ.
ಏಪ್ರಿಲ್ಲಿನ ಹಳಸಲು ಹಿಮದಲ್ಲಿ
ಕಿಡಿ ಬಿದ್ದಲ್ಲೆಲ್ಲ ಸಣ್ಣ ಕಪ್ಪು ತೂತು.

ಆಮೇಲೆ ಕೆಳಗಿನ ತೋಳು, ಎಡಗಡೆ.
'ಹನ್ನೆರಡು ಮೂಲೆಯ ಸಾಕೆಟ್ ಬೇಡ,
ಆರು ಮೂಲೆಯದು ಹಾಕು.
ಹನ್ನೆರಡು ಜನ ಬುದ್ಧಿ ಹೇಳಿದರೆ
ತಲೆ ಸವೆಯುವುದೇ ಹೊರತು ಮನಸ್ಸು ಸಡಿಲವಾಗದು.'
'ಮೊದಲು ಬಿಗಿ ಮಾಡು, ಕೂದಲೆಳೆಯಷ್ಟು.
ಅದರ ಕಡೆಗೇ ವಾಲಿದಂತೆ ಮಾಡಿ
ಆಮೇಲೆ ಹಿಂದಕ್ಕೆ.'

ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಬೆಂಕಿ ಹಿಡಿದೆ. ಬುಷ್ಷಿನ ರಬ್ಬರು ಹೊತ್ತಿ
ವಾಸನೆ ಬೇಲಿ ಹಾರಿ ಮೂರನೇ ಮನೆಗೆ ಹೋಯಿತು.
ಮೂರನೇ ಮನೆ ಜೋ ಆ್ಯಲೆಕ್‌ನದು. ಆಕೆಯ ತಮ್ಮ.
ಹನ್ನೊಂದು ವರ್ಷದಿಂದ ಮಾತಿಲ್ಲ.
ದೋಣಿಯ ಪಾಲಿನ ವಿಷಯ ಅನ್ನುತ್ತದೆ ಊರು,
ಆಕೆ ಅಂದದ್ದಿಲ್ಲ.
ಅಲ್ಲಿ ಕಿಟಕಿಯ ಪರದೆ ಸರಿಯಿತು,
ಮತ್ತೆ ಮುಚ್ಚಿತು.

ಪಾನಾಕ್ಕೆ ಪೈಪು ತೂರಿಸಿ ಜೋತುಬಿದ್ದೆ.
ಒಂದು ನರಳು. ಇನ್ನೊಂದು.
ಟಪ್ ಅಂತು, ಹಿಂದಕ್ಕೆ ಬಿದ್ದೆ,
ಬಿಟ್ಟಿತು ಅಂದುಕೊಂಡೆ.
ಬಿಟ್ಟಿರಲಿಲ್ಲ, ಮುರಿದಿತ್ತು.
ಬೋಲ್ಟಿನ ತಲೆ ಸಾಕೆಟ್ಟಿನಲ್ಲಿ,
ಮುಂಡ ಅಲ್ಲೇ, ಹಿಡಿದ ಪಟ್ಟಿನಲ್ಲೇ.

ಬೈಗುಳ ಹೊಂದಿಸಿಕೊಂಡು ಬಲಗಡೆಗೆ ಹೋದೆ.
ಒಂದೂ ಬೇಕಾಗಲಿಲ್ಲ.
ಕಾಲು ಸುತ್ತು ಪಾನಾದಿಂದ,
ಉಳಿದದ್ದು ಎರಡೇ ಬೆರಳಿಗೆ.
ಎಳೆದರೆ ಉದ್ದಕ್ಕೂ ತಾಮ್ರದ ಬಣ್ಣದ ಗ್ರೀಸು,
ಮೊನ್ನೆ ಹಚ್ಚಿದ ಹಾಗೆ.
ಎಳೆ ಎಳೆಯ ಸಂದಿಯಲ್ಲೂ ಯಾರದೋ ಬೆರಳು ಓಡಾಡಿತ್ತು.

'ಇದು ಯಾರ ಕೆಲಸ?'

ಕಪ್ಪು ಕೆಳಗಿಟ್ಟಳು.
ಚಹಾದ ಮೇಲೆ ಕೆನೆ ಕಟ್ಟುವಷ್ಟು ಹೊತ್ತು
ಏನೂ ಅನ್ನಲಿಲ್ಲ.
'ಅವತ್ತು ಬಲಗಡೆ ಮುಗಿಸಿದ್ದ' ಅಂದಳು.
'ಎಡಗಡೆಯದು ನಾಳೆ ಅಂದಿದ್ದ.'

ಹೊಸ ತೋಳು ಕೂರಿಸಿದೆ.
'ಪೂರ್ತಿ ಬಿಗಿಯಬೇಡ ಈಗಲೇ.
ಚಕ್ರ ನೆಲ ಮುಟ್ಟಲಿ, ಭಾರ ಬೀಳಲಿ.
ನೇತಾಡುವಾಗ ಬಿಗಿದದ್ದು
ನಿಂತ ಮೇಲೆ ಹರಿಯುತ್ತದೆ.'
ಇದನ್ನು ಯಾರು ಕಲಿಸಿದರೆಂದು ನಾನು ಕೇಳಲಿಲ್ಲ.

ಎಡಗಡೆಯ ಮುಂಡಕ್ಕೆ ಗರಗಸ ಇಟ್ಟೆ.
ಒಂದು ಬ್ಲೇಡು ಹಲ್ಲುದುರಿಸಿತು, ಎರಡನೆಯದು ಬಾಗಿತು,
ಮೂರನೆಯದು ಅರ್ಧ ದಾರಿಯಲ್ಲಿ ತುಂಡಾಯಿತು.
ಅಂಗಡಿ ಐದಕ್ಕೇ ಮುಚ್ಚಿದೆ.
ಕಾರು ಮೂರು ಕಾಲಿನ ಮೇಜಿನಂತೆ ನಿಂತಿದೆ,
ಸೋಮವಾರ ಆಕೆಗೆ ಸಿಡ್ನಿಯ ಆಸ್ಪತ್ರೆ, ಕಾಲಿನ ಡಾಕ್ಟರು.

ಮರ್ಡೀನಾ ಎದ್ದಳು. ಪೆಟ್ಟಿಗೆ ಹಿಡಿದುಕೊಂಡು, ನಿಧಾನ.
ಮುರಿದ ತಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.
ಕೀಗೊಂಚಲಿಗೆ ತಾಗಿ ಸದ್ದು ಮಾಡುತ್ತ
ಅದೂ ಹೋಯಿತು ಆಕೆಯ ಜೊತೆ,
ಒಂದನೇ ಮನೆ ದಾಟಿ, ಎರಡನೇ ಮನೆ ದಾಟಿ.

ಅಲ್ಲಿ ಗೇಟು ಅಲ್ಲಾಡಿಸಿದ್ದು ಕೇಳಿಸಿತು.
ಮತ್ತೊಮ್ಮೆ. ಒಂದು ಗುದ್ದು.
ಆಮೇಲೆ, ಇಡೀ ಬೀದಿಗೆ ಕೇಳುವಂತೆ:

'ಏಯ್! ಇದರ ಚಿಲಕ ಕಚ್ಚಿಕೊಂಡಿದೆ.
ಆ ಎಣ್ಣೆ ಡಬ್ಬಿ ತಗೊಂಡು ಬಾ.'