ಒಂದೇ ಬಟ್ಟಲು ಸೊಪ್ಪು

ಆಸ್ಪತ್ರೆಯ ಅರ್ಜಿಯಲ್ಲೊಂದು ಖಾಲಿ ಸಾಲು:
ರೋಗಿಗೆ ನೀವು ಏನಾಗಬೇಕು?
ಪೆನ್ನು ಅಲ್ಲೇ ನಿಂತಿತು.
ಹನ್ನೊಂದು ವರ್ಷದ ಹಿಂದೆ, ಕೋರ್ಟಿನ ಕಾಗದದಲ್ಲಿ
ಏನೂ ಆಗಬೇಕಿಲ್ಲವೆಂದು
ಸಹಿ ಹಾಕಿ ಬಂದವಳು ನಾನು.
ನರ್ಸಮ್ಮ ಕಾಯುತ್ತಿದ್ದಳು. ಬರೆದೆ: ಗೊತ್ತಿರುವವಳು.

ಪೋರ್ತೊದಲ್ಲಿ ಸಮತಟ್ಟಾದದ್ದು ಅಂದರೆ ನದಿಯೊಂದೇ.
ಎರ್ಮೀನಿಯುವಿನ ಮನೆಗೆ ನಲವತ್ತೆರಡು ಮೆಟ್ಟಿಲು.
ಅಗ್ನಿಶಾಮಕದ ಇಬ್ಬರು ಹುಡುಗರು ಅವನನ್ನು
ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು,
ಹಬ್ಬದ ದಿನ ಸಂತನ ಮೂರ್ತಿ ತರುವ ಹಾಗೆ.
ಸಂತ ದಾರಿಯುದ್ದಕ್ಕೂ
ನಿಧಾನ, ಗೋಡೆ, ಗೋಡೆ ಎಂದು ಬೈಯುತ್ತಿದ್ದ, ಪಿಸುದನಿಯಲ್ಲಿ.
ಅಷ್ಟೇ ಉಳಿದಿತ್ತು ಉಸಿರು.

ಮೂವತ್ತು ವರ್ಷ ಟ್ರಾಮ್ ಓಡಿಸಿದ ಕೈ.
ಈಗ ನೀರು ತುಂಬಿದ ಕೆಟಲ್ ಎತ್ತಕೂಡದು.
ಬಾಗಿಲು ನೂಕಕೂಡದು. ಏಳುವಾಗ ಕೈ ಊರಕೂಡದು.
ಕೆಮ್ಮು ಬಂದರೆ ದಿಂಬು ಅವಚಿಕೊಳ್ಳಬೇಕು ಎದೆಗೆ,
ಇಲ್ಲದಿದ್ದರೆ ಎಲುಬಿಗೆ ಬಿಗಿದ ತಂತಿ ಮಿಸುಕುತ್ತದಂತೆ.
ಕೈಗೆ ಸಿಕ್ಕಿದ್ದು ಅವನಮ್ಮ ಕಸೂತಿ ಹಾಕಿದ ದಿಂಬು,
ಸೊಸೆಯಾಗಿದ್ದ ಹದಿನೆಂಟು ವರ್ಷ
ನನ್ನನ್ನು ಒರಗಲು ಬಿಡದ ದಿಂಬು.
ಈಗ ಅದರ ಮೇಲೆ ಕಫ, ಮುಲಾಮು, ಕಾಫಿಯ ಕಲೆ.
ನಾನೇ ತೊಳೆದೆ. ಸ್ವಲ್ಪ ಖುಷಿಯಿಂದಲೇ.

ಸ್ನಾನ ಮಾಡಿಸುವಾಗ ಇಬ್ಬರೂ ಗೋಡೆ ನೋಡುತ್ತೇವೆ.
ಕೊರಳ ಗುಳಿಯಿಂದ ಕೆಳಗಿಳಿದ ಕೆಂಪು ಗೆರೆ,
ಅದೊಂದು ಹೊಸದು. ಉಳಿದದ್ದೆಲ್ಲ
ನನ್ನ ಕೈಗೆ ಇನ್ನೂ ನೆನಪಿದೆ,
ನನ್ನನ್ನು ಕೇಳದೆಯೇ.

ನಾಲ್ಕನೆಯ ವಾರ ಅವನು ಹವಾಮಾನ ವರದಿ ಕೇಳಿ ಅತ್ತ.
ಅಸೋರ್ಸ್ ದ್ವೀಪಗಳಲ್ಲಿ ಮಳೆಯಂತೆ, ಎಂದ,
ಮೂಗು ಒರೆಸಿಕೊಳ್ಳುತ್ತ.
ಅಮ್ಮ ಸತ್ತಾಗಲೂ ಅಳದ ಗಂಡಸು.
ಹೀಗಾಗುತ್ತದೆ, ಎಂದರು ಫೋನಿನಲ್ಲಿ ಡಾಕ್ಟರು.
ನನಗೇನಾಗುತ್ತದೆ ಎಂದು ಅವರು ಕೇಳಲಿಲ್ಲ,
ನಾನೂ ನಲ್ಲಿ ಬಿಟ್ಟುಕೊಂಡು
ಪಾತ್ರೆ ಉಜ್ಜಿದೆ, ಬೆಳಗಿದ್ದನ್ನೇ ಮತ್ತೆ.

ರಾತ್ರಿ ಅವನ ಲೋಹದ ಕವಾಟ ಕೇಳಿಸುತ್ತದೆ. ಟಿಕ್. ಟಿಕ್.
ಪಾಲಿನಲ್ಲಿ ಗೋಡೆ ಗಡಿಯಾರ ನನಗೆ ಬಂದಿತ್ತು,
ಅದಕ್ಕೆ ಎಷ್ಟು ರಂಪ ಮಾಡಿದ್ದ ಆಗ!
ಒಂದು ರಾತ್ರಿ ಸದ್ದು ನಿಂತಿತು.
ಬರಿಗಾಲಲ್ಲಿ ಓಡಿದೆ. ಮಗ್ಗುಲಾಗಿದ್ದ ಅಷ್ಟೆ,
ಕಸೂತಿಯ ದಿಂಬು ಸದ್ದನ್ನು ನುಂಗಿತ್ತು.
ಕತ್ತಲಲ್ಲಿ ಕೇಳಿದ: ನಿಂತುಹೋಯಿತಾ?
ಇಲ್ಲ, ಮಲಗು.

ಸೊಪ್ಪಿನ ಸಾರಿಲ್ಲದೆ ಈ ಊರಿನಲ್ಲಿ ಊಟವಿಲ್ಲ.
ಆದರೆ ಅವನ ರಕ್ತ ತೆಳುವಾಗಿಯೇ ಇರಬೇಕು;
ಸೊಪ್ಪು ಹೆಚ್ಚಾದರೆ ಮಾತ್ರೆ ಸೋಲುತ್ತದೆ.
ದಿನಕ್ಕೊಂದೇ ಬಟ್ಟಲು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.
ಬಟ್ಟಲಿಗೆ ಉಗುರುಬಣ್ಣದಿಂದ ಗೆರೆ ಎಳೆದೆ.
ಏಳನೆಯ ವಾರ ಬೆರಳು ಚುಚ್ಚಿ ನೋಡಿದರೆ ಅಂಕಿ ಪಾತಾಳಕ್ಕೆ:
ಕೆಳಮನೆಯ ಬೆನೆದಿತಾಳ ಹತ್ತಿರ
ಮೂರು ದಿನದಿಂದ ಕದ್ದು ಸಾರು ಕುಡಿದಿದ್ದ.
ಕೂಗಾಡಿದೆ. ಅವನೂ ಕೂಗಿದ,
ಗಾಜು ನಡುಗುವಂತೆ, ಬೀದಿ ಕೇಳುವಂತೆ,
ನನ್ನ ಅಜ್ಜಿಯವರೆಗೂ ವಂಶ ಜಾಲಾಡಿ,
ನಡುವೆ ಒಮ್ಮೆಯೂ ಉಸಿರಿಗೆ ನಿಲ್ಲದೆ.

ನಾನು ಸುಮ್ಮನೆ ಕೇಳುತ್ತ ನಿಂತೆ.
ಇದೇ ದನಿ. ಇದೇ ದನಿಗಲ್ಲವೇ
ಅಂದು ಬಾಗಿಲು ಎಳೆದುಕೊಂಡು ಹೋದದ್ದು.
ಬಂದುಬಿಟ್ಟಿದೆ, ಪೂರ್ತಿ.
ನನಗೆ ನಗು ಬಂತು. ಅಂಕಿ ಸರಿಹೋಗುವವರೆಗೆ ಇದ್ದು
ಆಮೇಲೆ ಚೀಲ ಹುಡುಕಿದೆ.

ಐದು ಕಿಲೋವರೆಗೆ ಎತ್ತಬಹುದೀಗ, ಎಂದು
ಚೀಲ ಕಸಿದುಕೊಂಡ. ತೂಗಿ ನೋಡಿದ್ದೆ, ನಾಲ್ಕೂವರೆ.
ನಲವತ್ತೆರಡು ಮೆಟ್ಟಿಲು ಇಳಿದ. ಇಪ್ಪತ್ತರಲ್ಲಿ ಒಮ್ಮೆ ನಿಂತು
ನನ್ನ ಚಪ್ಪಲಿಯನ್ನು ಹಳಿದ, ಉಸಿರು ಸಿಗಲಿ ಎಂದು.
ಟ್ರಾಮ್ ಗಂಟೆ ಬಾರಿಸುತ್ತ ಬಂತು.
ಅದರ ಗದ್ದಲದಲ್ಲಿ ಅವನೆದೆ ಕೇಳಿಸಲಿಲ್ಲ.
ಗುರುವಾರ ಬೆರಳು ಚುಚ್ಚಬೇಕು, ಎಂದ,
ಕಂಬಿಗಳನ್ನು ನೋಡುತ್ತ.
ಗೊತ್ತು, ಎಂದೆ.