ಎಂಜಿನ್ ಆರಿಸಬೇಡಿ

ಹೊರಗೆ ಸೊನ್ನೆಗಿಂತ ಐವತ್ತೊಂದು ಡಿಗ್ರಿ ಕೆಳಗೆ.
ಅಂಗಳದಲ್ಲಿ ಹದಿನಾಲ್ಕು ಗಾಡಿ, ಒಂದರಲ್ಲೂ ಜನವಿಲ್ಲ,
ಹದಿನಾಲ್ಕೂ ತಮ್ಮ ಪಾಡಿಗೆ ಗುರುಗುಟ್ಟುತ್ತಿವೆ.
ಕೀಲಿ ಅದರಲ್ಲೇ. ಕದ್ದವನು ತಾನೆ ಎಲ್ಲಿಗೆ ಹೋದಾನು,
ದಾರಿ ಇರುವುದೇ ಒಂದು, ಅದೂ ಲೆನಾ ನದಿಯ ಮೇಲೆ.
ಆರಿಸಿದರೆ ಮಾತ್ರ ಕೆಟ್ಟೆವು:
ಎರಡು ತಾಸಿಗೆ ಎಣ್ಣೆ ಹೆಪ್ಪು,
ಆಮೇಲೆ ಏಪ್ರಿಲ್‌ವರೆಗೆ ಅದು ಗಾಡಿಯಲ್ಲ, ಗುಡ್ಡ.

ಟಿಕೆಟ್ ಹರಿಯುವವಳು ನಾನೇ, ಚಿತ್ರ ಬಿಡುವವಳೂ ನಾನೇ,
ಮುಗಿದ ಮೇಲೆ ಪೈನ್ ಬೀಜದ ಸಿಪ್ಪೆ ಗುಡಿಸುವವಳೂ.
ಮೇಲಿನ ಕಿಂಡಿಯಿಂದ ನನಗೆ ಚಿತ್ರಕ್ಕಿಂತ
ತಲೆಗಳೇ ಚೆನ್ನಾಗಿ ಕಾಣುತ್ತವೆ.
ಒಂಬತ್ತು ದಿನದಿಂದ ಅದೇ ಕತೆ:
ನಕ್ಷೆ ಬರೆಯಲು ಹೋದವನನ್ನು ಜೊತೆಗಾರನೇ
ಕಾಡಲ್ಲಿ ಬಿಟ್ಟು, ನಾಯಿಬಂಡಿ ಹೊಡೆದುಕೊಂಡು ಹೋಗುತ್ತಾನೆ.
ಹಿಂದೆ ತೋಳ, ಮುಂದೆ ಹಿಮ, ಜೇಬಲ್ಲಿ ಮೂರು ಕಡ್ಡಿ.
ಪಿಟೀಲುಗಳು ಹೆದರಿಕೊಳ್ಳುತ್ತವೆ.
ಜನ ನಗುತ್ತಾರೆ.

"ಟೋಪಿ ಎಲ್ಲೋ ಮಾರಾಯ?"
"ಟೋಪಿ ಹಾಕಿದರೆ ಆ ಮುಖಕ್ಕೆ ಕೊಟ್ಟ ದುಡ್ಡು ದಂಡ ಅಲ್ಲವಾ!"
ಬರಿಗೈಯಲ್ಲಿ ಚೂರಿ ಹಿಡಿದಾಗ ಹಿಂದಿನ ಸಾಲು ಒಟ್ಟಿಗೆ
ಹಾ ಎಂದು ಕೈ ಕಂಕುಳಿಗೆ ಸೇರಿಸುತ್ತದೆ.
ಒಕ್ತ್ಯಾಬ್ರಿನಾ ಅಜ್ಜಿಗೆ ತಡೆಯುವುದಿಲ್ಲ,
ಎದ್ದು ನಿಂತು ಪರದೆಗೆ ಬಯ್ಯುತ್ತಾಳೆ:
"ಅದು ಹಸಿ ಕಟ್ಟಿಗೆ ಕಣೋ! ನಿಂತಲ್ಲೇ ಒಣಗಿದ್ದು ನೋಡು, ಎಡಗಡೆ,
ನಿನ್ನ ಕಣ್ಣೇನು ಬೆನ್ನಿಗಿದೆಯಾ?"
ಏಳು ವರ್ಷದ ಏರ್ಚಿಮ್, ಎಲ್ಲರಿಗೂ ಕೇಳುವಂತೆ:
"ಅಜ್ಜೀ, ಅವನ ಬಾಯಿಂದ ಉಸಿರೇ ಕಾಣ್ತಿಲ್ಲ.
ಸತ್ತಿದಾನಾ?"

ಎಪ್ಪತ್ತೊಂದನೇ ನಿಮಿಷಕ್ಕೆ ನದಿ ಬರುತ್ತದೆ.

ಅವನು ಒಂದು ಹೆಜ್ಜೆ ಇಡುತ್ತಾನೆ. ಇನ್ನೊಂದು.
ಸಿಪ್ಪೆ ಒಡೆಯುವ ಸದ್ದು ನಿಲ್ಲುತ್ತದೆ.
ಮಂಜುಗಡ್ಡೆ ಮಾತಾಡುವುದನ್ನು ಮಾತ್ರ, ಯಾರು ಮಾಡಿದರೋ ಏನೋ,
ಸರಿಯಾಗಿ ಮಾಡಿದ್ದಾರೆ:
ಮೊದಲು ದೂರದಲ್ಲೆಲ್ಲೋ ಬಟ್ಟೆ ಹರಿದಂತೆ,
ಆಮೇಲೆ ಕಾಲ ಕೆಳಗೇ.

ಆಗ ಗವ್ರಿಲ್ ಏಳುತ್ತಾನೆ. "ಎಂಜಿನ್ ನೋಡಿ ಬರ್ತೀನಿ."
ಅವನ ಹಿಂದೆ ಸೇಮ್ಯೋನವ್ ಅಣ್ಣತಮ್ಮಂದಿರು.
ಬೇಕರಿಯ ಅಕುಲಿನಾ ಕೂಡ; ಅವಳಿಗೆ ಗಾಡಿಯೇ ಇಲ್ಲ.
ಯಾರೂ ಯಾರನ್ನೂ ಕೇಳುವುದಿಲ್ಲ.
ಎಂಜಿನ್ನುಗಳು ಚೆನ್ನಾಗೇ ಓಡುತ್ತಿವೆ, ಗೋಡೆಯಾಚೆ ನನಗೇ ಕೇಳುತ್ತಿದೆ.
ನಾನು ಆ ಹೊತ್ತು ಹರಿದ ಟಿಕೆಟ್ ಎಣಿಸುತ್ತೇನೆ.
ಇವತ್ತು ನಲವತ್ತಮೂರು.
ಮತ್ತೆ ಎಣಿಸುತ್ತೇನೆ.
ನೀರಿಗಿಳಿದ ಮೇಲೆ ಚಳಿಯೇನು
ಅಂತ ಯಾವುದೋ ಸೀಮೆಯಲ್ಲಿ ಹೇಳುತ್ತಾರಂತೆ.
ಅಲ್ಲಿ ನೀರು ಬೆಚ್ಚಗಿರಬೇಕು.

ಚಿತ್ರದವನು ಮೇಲೆ ಬರುತ್ತಾನೆ. ಬರಲೇಬೇಕು,
ಇನ್ನೂ ಐವತ್ತು ನಿಮಿಷ ಬಾಕಿ ಇದೆ.
ಹೆಲಿಕಾಪ್ಟರ್, ಕಂಬಳಿ, ಹೆಂಡತಿಯ ಕಣ್ಣೀರು.
ಹೊರಗೆ ಹೋದವರು ಕತ್ತಲಲ್ಲಿ ಸೀಟು ತಡವಿ ಕೂರುತ್ತಾರೆ,
ರೆಪ್ಪೆಗೆ ಹಿಮ ಹತ್ತಿದೆ.
ದೀಪ ಹಾಕಿದ ಮೇಲೂ ಅಜ್ಜಿ ಕದಲುವುದಿಲ್ಲ:
"ಇಷ್ಟೆಲ್ಲ ಆಯಿತು. ಅವನಿಗೆ ಯಾರಾದರೂ
ಉಣ್ಣಲಿಕ್ಕೆ ಕೊಟ್ಟಿದ್ದನ್ನು ತೋರಿಸಲೇ ಇಲ್ಲವಲ್ಲ."

ಅಂಗಳದಲ್ಲಿ ಸದ್ದು ಹದಿನಾಲ್ಕು, ಗಾಡಿ ಹದಿನೈದು.
ತೆಂಕಣದಿಂದ ಹೊಸದಾಗಿ ಬಂದ ಗಣಿತದ ಮೇಷ್ಟ್ರು,
ತಡವಾಯಿತೆಂದು ಓಡಿಬಂದವರು, ರೂಢಿಯಂತೆ
ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡಿದ್ದಾರೆ.
ಯಾರೂ ನಗಲಿಲ್ಲ.
ಬ್ಲೋಟಾರ್ಚ್ ಬಂತು, ಕುದುರೆಯ ಹೊದಿಕೆ ಬಂತು,
ಸೇಮ್ಯೋನವ್ ಕಿರಿಯ ಗಾಡಿಯ ಕೆಳಗೆ ನುಸುಳಿದ.
ಪಿಟೀಲು ಇಲ್ಲ. ಬಿಟ್ಟ ಉಸಿರು
ಅಲ್ಲೇ ಪುಡಿಯಾಗಿ ಉದುರುವ ಸಣ್ಣ ಸರಸರ, ಅಷ್ಟೆ.
ಒಂದು ಗಂಟೆ. ಹತ್ತಲಿಲ್ಲ.

ಮೇಷ್ಟ್ರನ್ನು ಗವ್ರಿಲ್ ತನ್ನ ಲಾರಿಯಲ್ಲಿ ತುರುಕಿದ,
ಅಜ್ಜಿಯನ್ನೂ, ಅಕುಲಿನಾಳನ್ನೂ, ನನ್ನನ್ನೂ.
ಸಿಪ್ಪೆ ನಾಳೆ ಗುಡಿಸಿದರಾಯಿತು.
ಹುಡುಗ ಇನ್ನೂ ಲಾರಿಯ ಮೆಟ್ಟಿಲ ಮೇಲೆ ನಿಂತು
ಚಿತ್ರದವನ ಹಾಗೆ ಕತ್ತಲಿಗೆ ಕೂಗುತ್ತಿದ್ದ:
ನಾನು ಬದುಕಿದೀನೀ, ಬದುಕಿದೀನೀ.
"ಆಯ್ತು," ಎಂದ ಗವ್ರಿಲ್,
"ಬಾಗಿಲು ಹಾಕು. ಬಿಸಿ ಹೋಗುತ್ತೆ."